ಮನೆಯೊಳಗೆ ಗಿಡ: ನಿಮ್ಮ ಕಿಟಕಿಗೆ, ನಿಮ್ಮ ವಾರಕ್ಕೆ ಹೊಂದುವುದು ಯಾವುದು?

ಕಳೆದ ತಿಂಗಳು ನಮ್ಮ ಮೇಲಿನ ಮನೆಗೆ ಹೊಸದಾಗಿ ಮದುವೆಯಾದ ಜೋಡಿ ಬಾಡಿಗೆಗೆ ಬಂದರು. ಸಾಮಾನು ಇಳಿಸಿದ ಮೂರನೇ ದಿನ ಆ ಹುಡುಗಿ ಕೆಳಗೆ ಬಂದು ಕೇಳಿದಳು. "ಆಂಟಿ, ಹಾಲ್‌ನಲ್ಲಿ ಒಂದೆರಡು ಗಿಡ ಇಡಬೇಕು ಅಂತ ಆಸೆ. ಅರೆಕಾ ಪಾಮ್ ತರಲಾ, ಸ್ನೇಕ್ ಪ್ಲಾಂಟ್ ತರಲಾ? ನಮ್ಮ ಅತ್ತೆ ಮಾತ್ರ ಬೇಡವೇ ಬೇಡ, ಸೊಳ್ಳೆ ಬರುತ್ತೆ ಅಂತಾರೆ."

ನಾನು ಗಿಡದ ಹೆಸರು ಹೇಳಲಿಲ್ಲ. "ಇರಮ್ಮ, ಮೊದಲು ನಿಮ್ಮ ಕಿಟಕಿ ನೋಡೋಣ" ಅಂತ ಅವಳ ಜೊತೆ ಮೇಲೆ ಹತ್ತಿದೆ. ಹಾಲ್‌ನ ಕಿಟಕಿ ತೆಗೆದರೆ ಮೂರು ಅಡಿ ದೂರದಲ್ಲಿ ಪಕ್ಕದ ಮನೆಯ ಗೋಡೆ. ಅಡುಗೆಮನೆಯ ಹಿಂದಿನ ಯುಟಿಲಿಟಿ ಮಾತ್ರ ಪೂರ್ವಕ್ಕಿದೆ, ಬೆಳಿಗ್ಗೆ ಹತ್ತರವರೆಗೂ ಬಿಸಿಲು. ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುತ್ತಾರೆ, ತಿಂಗಳಿಗೊಮ್ಮೆ ಹಾಸನಕ್ಕೆ ಹೋಗಿ ಮೂರು ದಿನ ಇದ್ದು ಬರುತ್ತಾರೆ. ಇಷ್ಟು ಗೊತ್ತಾದ ಮೇಲೆ ಆಯ್ಕೆ ಅರ್ಧ ಮುಗಿದ ಹಾಗೆಯೇ.

ಈ ಪ್ರಶ್ನೆಯನ್ನು ನನಗೆ ಎಷ್ಟೋ ಜನ ಕೇಳಿದ್ದಾರೆ. ಹದಿನೈದು ವರ್ಷದಿಂದ ಬೆಂಗಳೂರಿನ ಬಾಡಿಗೆ ಮನೆಗಳಲ್ಲಿ ಗಿಡ ಬೆಳೆಸಿದ್ದೇನೆ, ಕಳೆದುಕೊಂಡೂ ಇದ್ದೇನೆ. ಅವಳಿಗೆ ಹೇಳಿದ್ದನ್ನೆಲ್ಲ ಇಲ್ಲಿ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಗಾಳಿ ಶುದ್ಧವಾಗುತ್ತದೆ ಅಂತ ತರಬೇಡಿ

ಗಿಡದ ಅಂಗಡಿಗಳಲ್ಲಿ "ಏರ್ ಪ್ಯೂರಿಫೈಯರ್ ಗಿಡ" ಅನ್ನುವ ಚೀಟಿ ನೋಡಿಯೇ ಇರುತ್ತೀರಿ. ಈ ಮಾತು ಹಬ್ಬಿದ್ದು 1989ರ ನಾಸಾ ಅಧ್ಯಯನದಿಂದ. ಬಿ.ಸಿ. ವುಲ್ವರ್ಟನ್ ಎಂಬ ವಿಜ್ಞಾನಿ ಮತ್ತು ಅವರ ಜೊತೆಗಾರರು ಗಾಳಿಯಾಡದ ಪೆಟ್ಟಿಗೆಯೊಳಗೆ ಗಿಡ ಇಟ್ಟು, ಬೆಂಜೀನ್, ಫಾರ್ಮಾಲ್ಡಿಹೈಡ್ ಥರದ ಅನಿಲ ಬಿಟ್ಟು ನೋಡಿದರು. ಅನಿಲ ಕಡಿಮೆಯಾಯಿತು, ಅದು ನಿಜ. ಆದರೆ ಅದು ಮುಚ್ಚಿದ ಪೆಟ್ಟಿಗೆ. ನಮ್ಮ ಮನೆಗೆ ಬಾಗಿಲಿದೆ, ಕಿಟಕಿಯಿದೆ, ಸಂದುಗೊಂದುಗಳಿವೆ. ಒಳಗಿನ ಗಾಳಿ ಹೊರಗೆ, ಹೊರಗಿನದು ಒಳಗೆ ಸದಾ ಓಡಾಡುತ್ತಿರುತ್ತದೆ.

2019ರಲ್ಲಿ ಅಮೆರಿಕದ ಡ್ರೆಕ್ಸೆಲ್ ವಿಶ್ವವಿದ್ಯಾಲಯದ ಇಬ್ಬರು ಸಂಶೋಧಕರು ಇಂಥ ಹಳೆಯ ಪ್ರಯೋಗಗಳನ್ನು ಒಟ್ಟಿಗಿಟ್ಟು ಲೆಕ್ಕ ಹಾಕಿದರು. ಕಟ್ಟಡದಲ್ಲಿ ಗಾಳಿ ಓಡಾಡುವುದರಿಂದಲೇ ಆಗುವ ಕೆಲಸವನ್ನು ಗಿಡಗಳು ಮಾಡಬೇಕಾದರೆ ಒಂದು ಚದರ ಮೀಟರಿಗೆ 10ರಿಂದ 1,000 ಗಿಡ ಬೇಕು ಅಂತ ತಿಳಿಯಿತು. ಹತ್ತಡಿ ಅಗಲ, ಹನ್ನೆರಡಡಿ ಉದ್ದದ ಕೋಣೆ ಅಂದರೆ ಸುಮಾರು 11 ಚದರ ಮೀಟರ್. ಕಡಿಮೆ ಅಂದರೂ 110 ಗಿಡ ಆಯಿತು. ಅಷ್ಟು ಇಟ್ಟರೆ ಮಲಗುವುದಕ್ಕೆ ಜಾಗವೇ ಉಳಿಯುವುದಿಲ್ಲ. ಗಾಳಿ ಚೆನ್ನಾಗಿರಬೇಕು ಅನ್ನುವವರು ಬೆಳಿಗ್ಗೆ ಎದ್ದು ಎದುರುಬದುರಿನ ಎರಡು ಕಿಟಕಿ ತೆಗೆಯಲಿ. ಅದಕ್ಕೆ ಖರ್ಚೂ ಇಲ್ಲ.

ಸ್ನೇಕ್ ಪ್ಲಾಂಟ್ ರಾತ್ರಿ ಆಮ್ಲಜನಕ ಕೊಡುತ್ತದೆ, ಅದಕ್ಕೇ ಮಲಗುವ ಕೋಣೆಯಲ್ಲಿಡಿ ಅಂತಲೂ ಹೇಳುತ್ತಾರೆ. ಇದರಲ್ಲಿ ಅರ್ಧ ಸತ್ಯವಿದೆ. ಅದು ಒಣ ನಾಡಿನ ಗಿಡ. ನೀರು ಆವಿಯಾಗದಿರಲಿ ಅಂತ ಹಗಲು ಎಲೆಯ ಸಣ್ಣ ರಂಧ್ರಗಳನ್ನು ಮುಚ್ಚಿಕೊಂಡು ರಾತ್ರಿ ತೆರೆಯುತ್ತದೆ, ಆಗ ಇಂಗಾಲದ ಡೈಆಕ್ಸೈಡ್ ಒಳಗೆಳೆದುಕೊಂಡು ಕೂಡಿಡುತ್ತದೆ. ಆದರೆ ಆಮ್ಲಜನಕ ತಯಾರಾಗಲು ಯಾವ ಗಿಡಕ್ಕಾದರೂ ಬೆಳಕು ಬೇಕೇ ಬೇಕು. ಇನ್ನು ಕೆಲವು ಹಿರಿಯರಿಗೆ ಇದರ ಉಲ್ಟಾ ಭಯ. ರಾತ್ರಿ ಗಿಡ ಇದ್ದರೆ ಉಸಿರು ಕಟ್ಟುತ್ತದೆ ಅನ್ನುತ್ತಾರೆ. ಒಂದು ಕುಂಡದ ಗಿಡ ಉಸಿರಾಡುವುದು ಪಕ್ಕದಲ್ಲಿ ಮಲಗಿದ ಮನುಷ್ಯ ಉಸಿರಾಡುವುದರ ಮುಂದೆ ಲೆಕ್ಕಕ್ಕೇ ಇಲ್ಲ. ಎರಡೂ ಕಡೆಯ ಮಾತನ್ನು ಬಿಟ್ಟುಬಿಡಿ.

ಹಾಗಾದರೆ ಲಾಭ ಏನು? ನನ್ನ ಮಟ್ಟಿಗೆ ಹೇಳುತ್ತೇನೆ. ಭಾನುವಾರ ಬೆಳಿಗ್ಗೆ ಒದ್ದೆ ಬಟ್ಟೆ ಹಿಡಿದು ಎಲೆ ಒರೆಸುತ್ತೇನೆ. ಒಂದು ಕೈ ಎಲೆಯ ಕೆಳಗೆ ಆನಿಸಿ, ಇನ್ನೊಂದು ಕೈಯಿಂದ ಬುಡದಿಂದ ತುದಿಗೆ. ನಮ್ಮ ಮನೆ ರಿಂಗ್ ರೋಡಿಗೆ ಹತ್ತಿರ, ಬಟ್ಟೆ ಕರ‍್ರಗಾಗುತ್ತದೆ. ಎಲೆಯ ನಡುವೆ ಹೊಸ ಸುಳಿ ಸುರುಳಿ ಸುತ್ತಿಕೊಂಡು ನಿಂತಿರುತ್ತದೆ. ನಿನ್ನೆ ಪೆನ್ಸಿಲ್ ಥರ ಇದ್ದದ್ದು ಇವತ್ತು ಅರ್ಧ ಬಿಚ್ಚಿರುತ್ತದೆ, ಬಣ್ಣ ಇನ್ನೂ ಎಳೆ ಹಸಿರು, ಮುಟ್ಟಿದರೆ ತಣ್ಣಗೆ. ಆ ಅರ್ಧ ಗಂಟೆ ನಾನು ಫೋನ್ ಮುಟ್ಟುವುದಿಲ್ಲ. ನನಗೆ ಗಿಡದಿಂದ ಸಿಗುವ ದೊಡ್ಡ ಲಾಭ ಅದೇ, ಅದು ನಿಜವಾದ ಲಾಭ.

ಇಲ್ಲಿ ಇನ್ನೊಂದು ಸಂಗತಿ ಹೇಳಲೇಬೇಕು. 1984ರಲ್ಲಿ ರೋಜರ್ ಅಲ್ರಿಚ್ ಎಂಬುವರು ಅಮೆರಿಕದ ಒಂದು ಆಸ್ಪತ್ರೆಯಲ್ಲಿ ಪಿತ್ತಕೋಶದ ಶಸ್ತ್ರಚಿಕಿತ್ಸೆ ಆದವರ ದಾಖಲೆ ನೋಡಿದರು. ಕಿಟಕಿಯಿಂದ ಮರಗಳು ಕಾಣುತ್ತಿದ್ದವರು ಇಟ್ಟಿಗೆ ಗೋಡೆ ಕಾಣುತ್ತಿದ್ದವರಿಗಿಂತ ಬೇಗ ಮನೆಗೆ ಹೋಗಿದ್ದರು, ಜೋರಾದ ನೋವಿನ ಔಷಧಿಯೂ ಅವರಿಗೆ ಕಡಿಮೆ ಬೇಕಾಗಿತ್ತು. ಅದು ಕುಂಡದ ಗಿಡದ ಅಧ್ಯಯನ ಅಲ್ಲ, ಕಿಟಕಿಯದು. ನಾನಂತೂ ಅದರಿಂದ ಒಂದು ಪಾಠ ತೆಗೆದುಕೊಂಡಿದ್ದೇನೆ. ನಿಮ್ಮ ಕಿಟಕಿಯಾಚೆ ಹೊಂಗೆಯೋ ಮಾವೋ ಕಾಣುತ್ತಿದ್ದರೆ, ಅದಕ್ಕೆ ಅಡ್ಡವಾಗಿ ಕುಂಡ ಸಾಲು ಹಚ್ಚಬೇಡಿ. ಕುರ್ಚಿಯನ್ನು ಆ ಕಡೆ ತಿರುಗಿಸಿ, ಸಾಕು.

ಆರಿಸುವ ಮೊದಲು ನೋಡಬೇಕಾದ್ದು

ಎಲ್ಲಕ್ಕಿಂತ ಮೊದಲು ಬೆಳಕು. ನಮ್ಮ ಕಣ್ಣು ಕತ್ತಲಿಗೆ ಬೇಗ ಹೊಂದಿಕೊಳ್ಳುತ್ತದೆ, ಅದಕ್ಕೇ "ನಮ್ಮ ಹಾಲ್‌ನಲ್ಲಿ ಒಳ್ಳೇ ಬೆಳಕಿದೆ" ಅಂತ ಎಲ್ಲರೂ ಹೇಳುತ್ತಾರೆ. ಹೀಗೆ ಮಾಡಿ. ಮಧ್ಯಾಹ್ನ ಲೈಟ್ ಆರಿಸಿ, ಗಿಡ ಇಡುವ ಜಾಗದಲ್ಲಿ ಒಂದು ಬಿಳಿ ಹಾಳೆ ಇಟ್ಟು, ಒಂದಡಿ ಮೇಲೆ ಅಂಗೈ ಹಿಡಿಯಿರಿ. ಬೆರಳುಗಳ ನೆರಳು ಬಿಡಿಬಿಡಿಯಾಗಿ ಕಂಡರೆ ಜೋರು ಬೆಳಕು. ಮಸುಕಾಗಿ ಕೈ ಅಂತ ಗೊತ್ತಾದರೆ ಮಧ್ಯಮ. ನೆರಳೇ ಬೀಳದಿದ್ದರೆ ಅಲ್ಲಿ ಬಹುತೇಕ ಯಾವ ಗಿಡವೂ ಬೆಳೆಯುವುದಿಲ್ಲ, ಕೆಲವು ಸುಮ್ನೆ ಬದುಕಿರುತ್ತವೆ ಅಷ್ಟೇ. ಕಿಟಕಿಯಿಂದ ಎರಡು ಹೆಜ್ಜೆ ಹಿಂದೆ ಸರಿದರೂ ಬೆಳಕು ತುಂಬಾ ಇಳಿಯುತ್ತದೆ.

ಬೆಳಕು ವರ್ಷವಿಡೀ ಒಂದೇ ಥರ ಇರುವುದಿಲ್ಲ. ಡಿಸೆಂಬರಿನಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ, ದಕ್ಷಿಣದ ಕಿಟಕಿಯಿಂದ ಬಿಸಿಲು ಸೀದಾ ಒಳಗೆ ಬರುತ್ತದೆ. ಬೆಂಗಳೂರಿನಲ್ಲಿ ಏಪ್ರಿಲ್ ಕೊನೆಯ ಹೊತ್ತಿಗೆ ಸೂರ್ಯ ನೆತ್ತಿಯ ಮೇಲೆ ಬಂದು, ಆಮೇಲೆ ಆಗಸ್ಟ್ ಮಧ್ಯದವರೆಗೆ ಮಧ್ಯಾಹ್ನದ ಹೊತ್ತು ಉತ್ತರದ ಕಡೆಗಿರುತ್ತಾನೆ. ಆಗ ಅದೇ ದಕ್ಷಿಣದ ಕಿಟಕಿಯಲ್ಲಿ ಬಿಸಿಲಿಲ್ಲ. ಚಳಿಗಾಲದಲ್ಲಿ ಚೆನ್ನಾಗಿದ್ದ ಗಿಡ ಮಳೆಗಾಲದಲ್ಲಿ ಯಾಕೆ ಸೊರಗಿತು ಅಂತ ಕೇಳುವವರಿಗೆ ಎಷ್ಟೋ ಸಲ ಇದೇ ಉತ್ತರ.

ಎರಡನೆಯದು ನಿಮ್ಮ ವಾರ. ವಾರದಲ್ಲಿ ಎಷ್ಟು ದಿನ ಗಿಡದ ಮುಂದೆ ನಿಲ್ಲುತ್ತೀರಿ? ಊರಿಗೆ ಹೋದರೆ ಎಷ್ಟು ದಿನ? ದಸರಾ ರಜೆಗೆ ಹತ್ತು ದಿನ ಬೀಗ ಹಾಕುವ ಮನೆಯಾದರೆ ಪಕ್ಕದ ಮನೆಯವರ ಕೈಗೆ ಕೀ ಕೊಡುವಷ್ಟು ಸಲುಗೆ ಇದೆಯೇ?

ಮೂರನೆಯದು ಮಗು, ನಾಯಿ, ಬೆಕ್ಕು. ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಡೈಫೆನ್‌ಬಾಕಿಯಾ ಅಂತ ಅಗಲ ಎಲೆಯ, ಬಿಳಿ ಚುಕ್ಕೆಯ ಗಿಡ ಎಷ್ಟೋ ಆಫೀಸು, ಕ್ಲಿನಿಕ್‌ಗಳಲ್ಲಿದೆ. ಅದರ ಎಲೆ, ದಂಟಿನಲ್ಲಿ ಸೂಜಿಯಂಥ ಕ್ಯಾಲ್ಸಿಯಂ ಆಕ್ಸಲೇಟ್ ಹರಳುಗಳಿವೆ. ಕಚ್ಚಿದರೆ ನಾಲಿಗೆ, ಗಂಟಲು ಉರಿದು ಊದಿಕೊಳ್ಳುತ್ತದೆ, ಮಾತೇ ಹೊರಡದ ಹಾಗಾಗಬಹುದು. ಕೆಸುವಿನೆಲೆ ಸರಿಯಾಗಿ ಬೇಯದಿದ್ದರೆ ಬಾಯಿ ತುರಿಸುತ್ತದಲ್ವಾ, ಅದೇ ಜಾತಿಯ ತೊಂದರೆ. ಮನಿಪ್ಲಾಂಟ್, ಪೀಸ್ ಲಿಲಿ, ಜೀಜೀ (ZZ ಪ್ಲಾಂಟ್) ಗಿಡಗಳಲ್ಲೂ ಈ ಹರಳುಗಳಿವೆ. ಸ್ನೇಕ್ ಪ್ಲಾಂಟ್ ತಿಂದರೆ ನಾಯಿ, ಬೆಕ್ಕಿಗೆ ವಾಂತಿಯಾಗುತ್ತದೆ. ಅರೆಕಾ ಪಾಮ್ ಮತ್ತು ಸ್ಪೈಡರ್ ಪ್ಲಾಂಟ್ ಅವುಗಳಿಗೆ ವಿಷವಲ್ಲ. ಹಾಲು ಬರುವ ಗಿಡ, ಮುಳ್ಳಿನ ಗಿಡ ಮನೆಯೊಳಗೆ ಬೇಡ ಅಂತ ನಮ್ಮ ಅಜ್ಜಿ ಹೇಳುತ್ತಿದ್ದರು. ಶಾಸ್ತ್ರ ಏನೇ ಇರಲಿ, ಕಳ್ಳಿಯ ಹಾಲು ಕಣ್ಣಿಗೆ ಬಿದ್ದರೆ ಏನಾಗುತ್ತದೆ ಅಂತ ಗೊತ್ತಿರುವವರು ಆ ಮಾತನ್ನು ತಳ್ಳಿಹಾಕುವುದಿಲ್ಲ.

ನಾಲ್ಕನೆಯದು ನೀರು, ಅದರ ಜೊತೆಗೆ ಸೊಳ್ಳೆ. ಮೇಲಿನ ಮನೆಯ ಹುಡುಗಿಯ ಅತ್ತೆ ಹೇಳಿದ್ದು ಸುಳ್ಳಲ್ಲ. ಡೆಂಗಿ ಹರಡುವ ಈಡಿಸ್ ಸೊಳ್ಳೆ ಕೊಳಚೆಗಿಂತ ಮನೆಯ ಸುತ್ತ ನಿಂತ ತಿಳಿ ನೀರನ್ನೇ ಇಷ್ಟಪಡುತ್ತದೆ. ಮೊಟ್ಟೆಯಿಂದ ಸೊಳ್ಳೆಯಾಗಲು ಒಂದು ವಾರ, ಹತ್ತು ದಿನ ಸಾಕು. 2024ರಲ್ಲಿ ಕರ್ನಾಟಕ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ಕಾಯಿಲೆ ಅಂತ ಘೋಷಿಸಿ, ಸೊಳ್ಳೆ ಬೆಳೆಯಲು ಬಿಟ್ಟ ಮನೆಯವರಿಗೂ ದಂಡ ಹಾಕುವ ನಿಯಮ ತಂದಿತು. ಆ ವರ್ಷ ಮಳೆಗಾಲದಲ್ಲಿ ನಾನು ನಮ್ಮ ಮನಿಪ್ಲಾಂಟ್ ಬಾಟಲಿಗೆ ಟಾರ್ಚ್ ಹಿಡಿದು ನೋಡಿದೆ. ಬೇರುಗಳ ನಡುವೆ ಅಕ್ಕಿಕಾಳಿಗಿಂತ ಸಣ್ಣ ಹುಳುಗಳು ಕೊಂಕಿ ಕೊಂಕಿ ಮೇಲೆ ಬಂದು, ಬೆಳಕು ಬಿದ್ದ ಕೂಡಲೇ ತಳಕ್ಕೆ ಇಳಿದವು. ಮನೆಯಲ್ಲಿ ಚಿಕ್ಕ ಮಗು ಇತ್ತು. ಅವತ್ತು ನನಗೆ ನಿದ್ದೆ ಬರಲಿಲ್ಲ.

ಅಂದಿನಿಂದ ಪ್ರತಿ ಶನಿವಾರ ಬಾಟಲಿಯ ನೀರು ಚೆಲ್ಲುತ್ತೇನೆ. ಬರೀ ನೀರು ಬದಲಿಸಿದರೆ ಸಾಲದು. ಈ ಸೊಳ್ಳೆ ನೀರಿನ ಮಟ್ಟದ ಸ್ವಲ್ಪ ಮೇಲೆ, ಒದ್ದೆ ಗೋಡೆಗೆ ಮೊಟ್ಟೆ ಅಂಟಿಸುತ್ತದೆ. ಆ ಮೊಟ್ಟೆ ಒಣಗಿದರೂ ತಿಂಗಳುಗಟ್ಟಲೆ ಸಾಯುವುದಿಲ್ಲ. ಬಾಟಲಿಯ ಒಳಗೋಡೆಯನ್ನು ಬ್ರಷ್ ಹಾಕಿ ಉಜ್ಜಬೇಕು. ಕುಂಡದ ಕೆಳಗಿನ ತಟ್ಟೆಗೂ ಅಷ್ಟೇ. ಇದನ್ನು ಮಾಡಲು ಪುರುಸೊತ್ತಿಲ್ಲದವರು ದಯವಿಟ್ಟು ನೀರಿನಲ್ಲಿ ಗಿಡ ಬೆಳೆಸಬೇಡಿ.

ನೀರಿನ ಇನ್ನೊಂದು ಮಗ್ಗುಲೂ ಇದೆ. 2024ರ ಮಾರ್ಚ್‌ನಲ್ಲಿ ಬೆಂಗಳೂರಿನಲ್ಲಿ ನೀರಿಗೆ ಹಾಹಾಕಾರ ಎದ್ದಾಗ ಜಲಮಂಡಳಿ ಕುಡಿಯುವ ನೀರನ್ನು ಕೈತೋಟಕ್ಕೆ ಬಳಸುವುದನ್ನೇ ನಿಷೇಧಿಸಿ 5,000 ರೂಪಾಯಿ ದಂಡ ಇಟ್ಟಿತ್ತು. ಆಗ ನಮ್ಮ ಗಿಡಗಳನ್ನು ಉಳಿಸಿದ್ದು ಅಕ್ಕಚ್ಚು ಮತ್ತು ತರಕಾರಿ ತೊಳೆದ ನೀರು. ಅಕ್ಕಚ್ಚನ್ನು ಅವತ್ತೇ ಹಾಕಬೇಕು, ಹುಳಿ ಬಂದರೆ ಮಣ್ಣಿನ ಮೇಲೆ ಸಣ್ಣ ನೊಣ ಏಳುತ್ತದೆ. ಆರ್‌ಒ ಯಂತ್ರ ಹೊರಬಿಡುವ ನೀರು ಮಾತ್ರ ಬೇಡ, ಅದರಲ್ಲಿ ಉಪ್ಪು ಜಾಸ್ತಿ.

ಐದನೆಯದು ದುಡ್ಡು. ಇದರಲ್ಲಿ ಜನ ತಪ್ಪುವುದು ಒಂದೇ ಕಡೆ. ಗಿಡದ ಬೆಲೆ ನೋಡುತ್ತಾರೆ, ಕುಂಡದ್ದು ನೋಡುವುದಿಲ್ಲ. ನೂರೈವತ್ತರ ಗಿಡಕ್ಕೆ ಐನೂರರ ಸೆರಾಮಿಕ್ ಕುಂಡ ಬರುತ್ತದೆ.

ಈಗ ಒಂದೊಂದೇ ಗಿಡ

ಮನಿಪ್ಲಾಂಟ್. ದುಡ್ಡೇ ಬೇಡ. ಯಾರ ಮನೆಯಿಂದಲಾದರೂ ಗಂಟು ಇರುವ ಹಾಗೆ ಒಂದು ತುಂಡು ತಂದರೆ ಬೇರು ಬಿಡುತ್ತದೆ. ಕದ್ದು ತಂದರೇ ಚೆನ್ನಾಗಿ ಹಬ್ಬುತ್ತದೆ ಅನ್ನುತ್ತಾರೆ, ಕೇಳಿ ತಂದರೂ ಅಷ್ಟೇ ಚೆನ್ನಾಗಿ ಹಬ್ಬುತ್ತದೆ. ಮಧ್ಯಮ ಬೆಳಕು ಸಾಕು. ಬೆಳಕು ಕಡಿಮೆಯಾದರೆ ಎಲೆಯ ಹಳದಿ ಬಣ್ಣ ಹೋಗಿ ಪೂರ್ತಿ ಹಸಿರಾಗುತ್ತದೆ, ಎಲೆಯಿಂದ ಎಲೆಗೆ ಅಂತರ ಜಾಸ್ತಿಯಾಗುತ್ತದೆ. ಆಗ ಕಿಟಕಿಗೆ ಹತ್ತಿರ ತನ್ನಿ. ನೀರಿನಲ್ಲಿ ಬೇಡ, ಮಣ್ಣಿನಲ್ಲಿ ಇಡಿ ಅನ್ನುವುದು ನನ್ನ ಸಲಹೆ. ಸೊಳ್ಳೆಯ ಚಿಂತೆ ಕಡಿಮೆ, ಎಲೆಯೂ ದೊಡ್ಡದಾಗುತ್ತದೆ. ಮೊದಲ ಸಲ ಗಿಡ ಇಡುವವರಿಗೆ ಇದಕ್ಕಿಂತ ಒಳ್ಳೆಯದು ನನಗೆ ಗೊತ್ತಿಲ್ಲ. ತೆವಳುವ ಮಗು ಇದ್ದರೆ ಎತ್ತರದಲ್ಲಿ ತೂಗುಹಾಕಿ.

ಸ್ನೇಕ್ ಪ್ಲಾಂಟ್, ಜೀಜೀ. ಇವೆರಡನ್ನೂ ಒಟ್ಟಿಗೆ ಹೇಳುತ್ತೇನೆ, ಯಾಕೆಂದರೆ ಇವು ಒಂದೇ ಥರದ ಮನೆಗೆ ಸೇರಿದವು. ಎರಡೂ ಆಫ್ರಿಕಾದ ಗಿಡಗಳು, ಬರಗಾಲ ಕಂಡವು. ಜೀಜೀ ಮಣ್ಣಿನೊಳಗೆ ಆಲೂಗಡ್ಡೆಯಂಥ ಗಡ್ಡೆಯಲ್ಲಿ ನೀರು ಕೂಡಿಟ್ಟುಕೊಳ್ಳುತ್ತದೆ, ಸ್ನೇಕ್ ಪ್ಲಾಂಟ್ ದಪ್ಪ ಎಲೆಯಲ್ಲಿ. ನೀವು ಮೂರು ವಾರ ಮರೆತರೂ ಇವು ತಡೆಯುತ್ತವೆ. ಇವನ್ನು ಕೊಲ್ಲುವುದು ಅತಿ ಪ್ರೀತಿ. ನನ್ನ ಮೊದಲ ಸ್ನೇಕ್ ಪ್ಲಾಂಟಿಗೆ ನಾನು ದಿನಾ ಒಂದು ಲೋಟ ನೀರು ಹಾಕುತ್ತಿದ್ದೆ. ಎರಡು ತಿಂಗಳಲ್ಲಿ ಎಲೆಯ ಬುಡ ಹಳದಿಯಾಯಿತು. ಹಿಡಿದು ಎಳೆದರೆ ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಕೈಗೇ ಬಂತು. ತುದಿಯಲ್ಲಿ ಕಂದು ಲೋಳೆ, ಕೊಳೆತ ಈರುಳ್ಳಿಯ ವಾಸನೆ. ಬೇರು ಅನ್ನುವುದೇ ಉಳಿದಿರಲಿಲ್ಲ. ಎಲೆಯ ಗಟ್ಟಿ ಭಾಗವನ್ನು ಬೆರಳುದ್ದ ಕತ್ತರಿಸಿ, ಮೂರು ದಿನ ನೆರಳಲ್ಲಿ ಒಣಗಿಸಿ, ಮರಳಿನಲ್ಲಿ ನೆಟ್ಟೆ. ಎರಡು ತಿಂಗಳಿಗೆ ಬೇರು ಬಂತು. ಆದರೆ ಅಂಚಿನ ಹಳದಿ ಪಟ್ಟಿ ಹೊಸ ಗಿಡಕ್ಕೆ ಬರಲಿಲ್ಲ, ಹಸಿರು ಮಾತ್ರ. ಎಲೆ ತುಂಡಿನಿಂದ ಮಾಡಿದರೆ ಹಾಗೇ ಆಗುವುದು, ಪಟ್ಟಿ ಬೇಕಾದರೆ ಬುಡದ ಮರಿಯನ್ನೇ ಬೇರ್ಪಡಿಸಬೇಕು.

ಇವಕ್ಕೆ ಮಣ್ಣು ಪೂರ್ತಿ ಒಣಗಿದ ಮೇಲೆಯೇ ನೀರು. ಬೆರಳು ಎರಡು ಗೆಣ್ಣು ಮಣ್ಣೊಳಗೆ ಇಳಿಸಿ ನೋಡಿ, ಸ್ವಲ್ಪ ತೇವ ತಗುಲಿದರೂ ಹಾಕಬೇಡಿ. ನಾನು ಕೊಂಡ ಬೆಲೆ ಹೇಳುವುದಾದರೆ ಸ್ನೇಕ್ ಪ್ಲಾಂಟ್ 150ರಿಂದ 300, ಜೀಜೀ ಅದಕ್ಕಿಂತ ನೂರಿನ್ನೂರು ಜಾಸ್ತಿ. ದುಬಾರಿ ಅನ್ನಿಸಬಹುದು, ಆದರೆ ಹತ್ತು ವರ್ಷ ಇರುವ ಗಿಡ. ಕೊರತೆ ಅಂದರೆ ಇವು ತುಂಬ ನಿಧಾನ. ದಿನಾ ಏನಾದರೂ ಹೊಸದು ಕಾಣಬೇಕು, ಕೈಯಾಡಿಸಬೇಕು ಅನ್ನುವವರಿಗೆ ಬೇಸರ ಬರುತ್ತದೆ. ಅಂಥವರೇ ನೀರು ಹಾಕಿ ಹಾಕಿ ಕೊಳೆಸುವುದು.

ಅರೆಕಾ ಪಾಮ್. ಹೆಸರು ಕೇಳಿ ಮಲೆನಾಡಿನವರು ಅಡಿಕೆ ಅಂದುಕೊಳ್ಳುವುದುಂಟು. ಇದು ನಮ್ಮ ಅಡಿಕೆ ಮರ ಅಲ್ಲ, ಮಡಗಾಸ್ಕರ್‌ನ ಬೇರೆ ಜಾತಿ. ಹಾಲ್‌ನ ಮೂಲೆ ತುಂಬಿ ನಿಂತರೆ ಮನೆಯ ಚೆಂದವೇ ಬೇರೆ, ಒಪ್ಪುತ್ತೇನೆ. ಆದರೆ ಫೋಟೋದಲ್ಲಿ ಅದು ನಿಂತಿರುವ ಮೂಲೆ ಕತ್ತಲೆಯದಾದರೆ ಆ ಫೋಟೋ ನಂಬಬೇಡಿ. ಇದಕ್ಕೆ ಜೋರು ಬೆಳಕು ಬೇಕು, ಮಣ್ಣು ಒಂದೇ ಸಮ ತೇವವಾಗಿರಬೇಕು. ಬೋರ್‌ವೆಲ್ ನೀರಿನ ಉಪ್ಪಿಗೆ ಗರಿಯ ತುದಿ ಕಂದಾಗುತ್ತದೆ, ಒಣ ಹವೆಯಲ್ಲಿ ಎಲೆಯ ಕೆಳಗೆ ನುಸಿ ಸೇರುತ್ತದೆ. ಹನ್ನೆರಡು ಇಂಚಿನ ಕುಂಡ ಒದ್ದೆ ಕೆಂಪು ಮಣ್ಣಿನ ಸಮೇತ ಇಪ್ಪತ್ತು ಕಿಲೋ ದಾಟುತ್ತದೆ. ಮನೆ ಬದಲಿಸುವಾಗ, ನೆಲ ಒರೆಸುವಾಗ ಯಾರು ಎತ್ತುತ್ತಾರೆ ಅಂತ ಯೋಚಿಸಿ. ಬಾಡಿಗೆ ಮನೆಯ ನೆಲದ ಮೇಲೆ ದುಂಡಗೆ ಕಲೆ ಉಳಿದು, ಅಡ್ವಾನ್ಸ್‌ನಲ್ಲಿ ದುಡ್ಡು ಹಿಡಿದುಕೊಂಡ ಓನರ್ ನಮಗೆ ಒಬ್ಬರು ಸಿಕ್ಕಿದ್ದರು. ಬಿಸಿಲು ಬರುವ ಬಾಲ್ಕನಿಯ ಬಾಗಿಲ ಪಕ್ಕ, ಸ್ವಂತ ಮನೆ, ದಿನಾ ಯಾರಾದರೂ ಮನೆಯಲ್ಲಿರುತ್ತಾರೆ ಅನ್ನುವವರು ಧಾರಾಳವಾಗಿ ತನ್ನಿ. ನಾಯಿ, ಬೆಕ್ಕು ಇರುವ ಮನೆಗೆ ದೊಡ್ಡ ಗಿಡ ಬೇಕೆಂದರೆ ನಾನು ಇದನ್ನೇ ಹೇಳುವುದು.

ಪೀಸ್ ಲಿಲಿ, ಆಂಥೂರಿಯಂ. ಮನೆಯೊಳಗೇ ಹೂವು ಬೇಕು ಅನ್ನುವವರಿಗೆ. ಪೀಸ್ ಲಿಲಿಯ ಒಂದು ಗುಣ ನನಗೆ ಇಷ್ಟ. ಬಾಯಾರಿದರೆ ಎಲೆಗಳೆಲ್ಲ ಜೋತುಬಿದ್ದು ಹೇಳಿಬಿಡುತ್ತದೆ, ನೀರು ಹಾಕಿದ ಕೆಲವೇ ಗಂಟೆಯಲ್ಲಿ ಎದ್ದು ನಿಲ್ಲುತ್ತದೆ. ನೀರು ಯಾವಾಗ ಹಾಕಬೇಕು ಅಂತ ಕಲಿಯುವವರಿಗೆ ಒಳ್ಳೆಯ ಗುರು. ಆದರೆ ಹತ್ತು ದಿನ ಬೀಗ ಹಾಕುವ ಮನೆಗಲ್ಲ. ಕೊಡಗು, ಮಲೆನಾಡಿನ ಜಗಲಿಗಳಲ್ಲಿ ಆಂಥೂರಿಯಂ ಹೇಗೆ ಹೂ ಬಿಡುತ್ತದೆ ಅಂತ ನೋಡಿದವರು ಅದನ್ನೇ ಬೆಂಗಳೂರಿನ ಎಸಿ ಕೋಣೆಯಲ್ಲಿ ಕಾಣಲಾರರು. ಅದಕ್ಕೆ ಬೇಕಾದ್ದು ಹವೆಯ ತೇವ.

ಅಡುಗೆಮನೆಯ ಗಿಡಗಳು. ನಾನು ಹೆಚ್ಚು ಹೊತ್ತು ಮಾತಾಡಬೇಕೆಂದಿರುವುದು ಇವುಗಳ ಬಗ್ಗೆ, ಯಾಕೆಂದರೆ ಗಿಡ ಇಡುವ ಉತ್ಸಾಹದಲ್ಲಿ ಜನ ಮರೆಯುವುದು ಇವನ್ನೇ. ದೊಡ್ಡಪತ್ರೆಯ ಒಂದು ಕಡ್ಡಿ ಮುರಿದು ಮಣ್ಣಿಗೆ ಚುಚ್ಚಿದರೆ ಸಾಕು. ದಿನಕ್ಕೆ ಎರಡು ಮೂರು ಗಂಟೆ ಬಿಸಿಲು ಬೀಳುವ ಕಿಟಕಿ ಕಟ್ಟೆ ಇದ್ದರೆ ದಪ್ಪ ದಪ್ಪ ಎಲೆ ಬಿಡುತ್ತದೆ. ತುದಿ ಚಿವುಟಿದಷ್ಟೂ ಕವಲೊಡೆಯುತ್ತದೆ. ಒಂದು ಕುಂಡದಿಂದ ವಾರಕ್ಕೊಂದು ತಂಬುಳಿ, ಮಳೆ ಬಂದ ಸಂಜೆ ಒಂದು ತಟ್ಟೆ ಬಜ್ಜಿ. ಮಕ್ಕಳಿಗೆ ಶೀತವಾದಾಗ ಎಲೆ ಬಾಡಿಸಿ ರಸ ಹಿಂಡುವುದು ನಮ್ಮ ಮನೆಯಲ್ಲಿ ಈಗಲೂ ಇದೆ. ಒಂದೆಲಗ, ಮಂಗಳೂರಿನ ಕಡೆ ತಿಮರೆ, ಇದಕ್ಕೆ ಅಗಲವಾದ ಆಳವಿಲ್ಲದ ಕುಂಡ, ಸದಾ ತೇವ, ಅರೆ ನೆರಳು. ಪುದೀನ ಮಾರ್ಕೆಟ್ಟಿನಿಂದ ತಂದ ಕಟ್ಟಿನಲ್ಲೇ ಗಟ್ಟಿ ಕಡ್ಡಿ ಆರಿಸಿ ನೆಡಬಹುದು. ವೀಳ್ಯದೆಲೆ ಬಳ್ಳಿಗೆ ನೇರ ಬಿಸಿಲು ಬೇಡ, ಆಸರೆಗೊಂದು ಕೋಲು ಬೇಕು, ಪೂಜೆಗೂ ಆಯಿತು, ಊಟದ ಮೇಲೆ ಎಲೆಯಡಿಕೆಗೂ ಆಯಿತು. ಇವು ಸೋಫಾ ಪಕ್ಕ ಇಟ್ಟು ತೋರಿಸುವ ಗಿಡಗಳಲ್ಲ. ಆದರೆ ಹಾಕಿದ ನೀರಿಗೆ ತಟ್ಟೆಯಲ್ಲಿ ಲೆಕ್ಕ ಕೊಡುತ್ತವೆ. ನೂರು ರೂಪಾಯಿಯೊಳಗೆ ಎಲ್ಲ ಮುಗಿಯುತ್ತದೆ. ಬೇಕಾದ್ದು ಕಿಟಕಿಯಲ್ಲಿ ಒಂದಿಷ್ಟು ಬಿಸಿಲು, ಅದಿಲ್ಲದಿದ್ದರೆ ಇವು ಸಣಕಲಾಗಿ ಬೆಳೆದು ಬಾಗುತ್ತವೆ.

ತುಳಸಿಯನ್ನು ಮಾತ್ರ ಒಳಗೆ ಇಡಬೇಡಿ. ಅದಕ್ಕೆ ನಾಲ್ಕು ಗಂಟೆಗೂ ಜಾಸ್ತಿ ಬಿಸಿಲು ಬೇಕು. ದೇವರ ಮನೆಯ ಪಕ್ಕ ಇಟ್ಟು, ಅದು ಒಣಗಿ, ಮನಸ್ಸಿಗೆ ಕಸಿವಿಸಿ ಮಾಡಿಕೊಂಡವರನ್ನು ನೋಡಿದ್ದೇನೆ. ಗ್ರಿಲ್‌ನ ಹೊರಗೆ ಒಂದು ಸ್ಟ್ಯಾಂಡ್ ಹಾಕಿಸಿ. ಕರಿಬೇವೂ ಬಿಸಿಲಿನ ಗಿಡವೇ. ಅಮೆರಿಕದಲ್ಲಿರುವ ನಮ್ಮವರು ಮಾತ್ರ ಹಿಮ ಬೀಳುವ ಮುಂಚೆ ಕರಿಬೇವಿನ ಕುಂಡವನ್ನು ಒಳಗೆ ತಂದು, ದಕ್ಷಿಣದ ಕಿಟಕಿಗಿಟ್ಟು, ಬೇಸಿಗೆ ಬರುವವರೆಗೆ ಕೂಸಿನಂತೆ ಕಾಯುತ್ತಾರೆ. ನಿಂಬೆ ಜಾತಿಯ ಗಿಡಗಳಿಗೆ ರೋಗ ಹರಡುವ ಒಂದು ಕೀಟ ಕರಿಬೇವಿನಲ್ಲೂ ಕೂರುತ್ತದೆ ಅಂತ ಅಲ್ಲಿ ಹಸಿ ಕರಿಬೇವು ತರಲು ಬಿಡುವುದಿಲ್ಲ. ಅವರಿಗೆ ಆ ಒಂದು ಕುಂಡವೇ ಒಗ್ಗರಣೆಯ ಆಧಾರ.

ಏನೂ ಇಡದಿರುವುದು. ಇದೂ ಒಂದು ಆಯ್ಕೆಯೇ, ತಪ್ಪಲ್ಲ. ಕಿಟಕಿಯೇ ಇಲ್ಲದ ಕೋಣೆ, ತಿಂಗಳಲ್ಲಿ ಹದಿನೈದು ದಿನ ಪ್ರವಾಸದ ಕೆಲಸ, ಬೂಷ್ಟು ವಾಸನೆಗೇ ಉಬ್ಬಸ ಕೆರಳುವ ಮಗು ಇದ್ದರೆ ಗಿಡ ಬೇಡ. ಒದ್ದೆ ಮಣ್ಣಿನ ಮೇಲೆ ಬೂಷ್ಟು ಬರುತ್ತದೆ. ವಾರಕ್ಕೊಮ್ಮೆ ಮಾರ್ಕೆಟ್ಟಿನಿಂದ ಸುಗಂಧರಾಜದ ನಾಲ್ಕು ಕಡ್ಡಿ ತಂದು ನೀರಲ್ಲಿಡಿ, ಬಾಡಿದ ಮೇಲೆ ನೀರು ಚೆಲ್ಲಿ.

ಊರು ಯಾವುದು ಅನ್ನುವುದೂ ಮುಖ್ಯ

ಬೆಂಗಳೂರು, ಮೈಸೂರಿನ ಹವೆಗೆ ಮೇಲಿನ ಎಲ್ಲವೂ ಒಗ್ಗುತ್ತವೆ. ಮಂಗಳೂರು, ಉಡುಪಿ, ಕಾರವಾರದಲ್ಲಿ ಮಳೆಗಾಲದ ನಾಲ್ಕು ತಿಂಗಳು ಗೋಡೆಯೇ ಬೆವರುತ್ತದೆ. ಅಲ್ಲಿ ಮನೆಯೊಳಗೆ ತೇವ ಹೆಚ್ಚಿಸುವ ಗಿಡಗಳ ಗುಂಪು ಬೇಡ. ಜಗಲಿಯಲ್ಲಿ ಆಂಥೂರಿಯಂ, ಜರೀಗಿಡ, ಸೀತಾಳೆ ಇಟ್ಟರೆ ಅವು ತಮ್ಮನ್ನು ತಾವೇ ನೋಡಿಕೊಳ್ಳುತ್ತವೆ. ಒಳಗಿಟ್ಟ ಸ್ನೇಕ್ ಪ್ಲಾಂಟಿಗೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೀರು ಬಹುತೇಕ ನಿಲ್ಲಿಸಿ. ಕಲಬುರಗಿ, ರಾಯಚೂರು, ಬಳ್ಳಾರಿಯಲ್ಲಿ ಬೇಸಿಗೆ 40 ಡಿಗ್ರಿ ದಾಟುತ್ತದೆ, ಹವೆ ಒಣ. ಅಲ್ಲಿ ಪೀಸ್ ಲಿಲಿ ಸಾಕುವುದು ಕಷ್ಟ. ಸ್ನೇಕ್ ಪ್ಲಾಂಟ್, ಜೀಜೀ, ಕಿಟಕಿ ಕಟ್ಟೆಯ ಲೋಳೆಸರ ಇವು ಗಟ್ಟಿ. ಪಶ್ಚಿಮದ ಕಿಟಕಿಯ ಗಾಜಿಗೆ ಎಲೆ ತಾಗದ ಹಾಗೆ ಇಡಿ, ಸುಟ್ಟುಹೋಗುತ್ತದೆ.

ಎಲ್ಲಿದ್ದರೂ ಊರಿಗೆ ಹೋಗುವಾಗ ಒಂದು ಉಪಾಯ ಮಾಡಬಹುದು. ಹಳೇ ಹತ್ತಿ ಪಂಚೆಯನ್ನು ಎರಡು ಬೆರಳಗಲ ಹರಿದು, ಒದ್ದೆ ಮಾಡಿ, ಒಂದು ತುದಿ ಕುಂಡದ ಮಣ್ಣಿನೊಳಗೆ, ಇನ್ನೊಂದು ತುದಿ ಬಕೆಟ್‌ನ ತಳಕ್ಕೆ. ಬಕೆಟ್ ಸ್ವಲ್ಪ ಎತ್ತರದಲ್ಲಿರಲಿ. ಮನಿಪ್ಲಾಂಟ್, ಪೀಸ್ ಲಿಲಿ ಹತ್ತು ದಿನ ಆರಾಮಾಗಿರುತ್ತವೆ. ಬಕೆಟ್ ಬಾಯಿಗೆ ಬಟ್ಟೆ ಬಿಗಿಯಾಗಿ ಕಟ್ಟಿ, ಸೊಳ್ಳೆ ನೆನಪಿರಲಿ.

ಮೇಲಿನ ಮನೆಯ ಆಯ್ಕೆ

ಅವರ ಬಜೆಟ್ ಸಾವಿರ ರೂಪಾಯಿ. ಅರೆಕಾ ಪಾಮ್ ಬೇಡ ಅಂದಾಗ ಹುಡುಗಿಯ ಮುಖ ಸಣ್ಣದಾಯಿತು. ಗೋಡೆ ಕಾಣುವ ಆ ಕಿಟಕಿಯ ಮುಂದೆ ಹಾಳೆ ಇಟ್ಟು ಅಂಗೈ ಹಿಡಿಸಿದೆ, ಮಸುಕು ನೆರಳು. ಹಾಲ್‌ಗೆ ಕಿಟಕಿಗೆ ಅಂಟಿದ ಹಾಗೆ ಒಂದು ಜೀಜೀ, ಯುಟಿಲಿಟಿಗೆ ದೊಡ್ಡಪತ್ರೆ, ಪುದೀನ ಅಂತ ತೀರ್ಮಾನವಾಯಿತು. ದೊಡ್ಡಪತ್ರೆ ನಮ್ಮ ಮನೆಯದೇ ಕಡ್ಡಿ. ತಟ್ಟೆ ಇಲ್ಲದೆ, ತೂತಿರುವ ಮಣ್ಣಿನ ಕುಂಡವನ್ನು ಸೀದಾ ಯುಟಿಲಿಟಿಯ ಕಲ್ಲಿನ ಮೇಲಿಟ್ಟರೆ ನೀರು ನಿಲ್ಲುವ ಮಾತೇ ಇಲ್ಲ ಅಂತ ಅತ್ತೆಗೆ ಫೋನಿನಲ್ಲಿ ನಾನೇ ಹೇಳಿದೆ. "ದೊಡ್ಡಪತ್ರೆ ಆದ್ರೆ ಇಡಲಿ ಬಿಡಿ" ಅಂದರು.

ಜೀಜೀ ತರಲು ಲಾಲ್‌ಬಾಗ್ ಪಕ್ಕದ ಸಿದ್ದಾಪುರದ ನರ್ಸರಿಗಳಿಗೆ ಹೋದೆವು. ಆನ್‌ಲೈನ್‌ನಲ್ಲಿ ತರಿಸಿದ ಗಿಡವೊಂದು ನನಗೆ ದಂಟು ಮುರಿದು ಬಂದಿತ್ತು, ಅದಕ್ಕೇ ಕಣ್ಣಾರೆ ನೋಡಿ ತರುವುದೇ ನನಗೆ ಇಷ್ಟ. ನೋಡುವುದು ಹೀಗೆ: ಮೊದಲು ಎಲೆ ಮಗುಚಿ ಕೆಳಭಾಗ ನೋಡಿ, ದಂಟು ಸೇರುವ ಸಂದಿಯಲ್ಲಿ ಹತ್ತಿಯಂಥ ಬಿಳಿ ಅಂಟಿದ್ದರೆ ಹಿಟ್ಟು ತಿಗಣೆ, ಅದನ್ನು ಮನೆಗೆ ತಂದರೆ ಉಳಿದ ಗಿಡಕ್ಕೂ ಹತ್ತುತ್ತದೆ. ಆಮೇಲೆ ದಂಟಿನ ಬುಡ ಹಿಡಿದು ಮೆಲ್ಲಗೆ ಅಲ್ಲಾಡಿಸಿ, ಸಡಿಲವಾಗಿದ್ದರೆ ಬೇಡ. ಕುಂಡದ ತಳದ ತೂತಿನಲ್ಲಿ ಬಿಳಿ ಬೇರು ಇಣುಕಿದರೆ ಒಳ್ಳೆಯದು, ಕಪ್ಪು ಮೆತ್ತಗಿದ್ದರೆ ಬೇಡ. ಹೂ ಬಿಟ್ಟ, ದೊಡ್ಡದಾದ ಗಿಡಕ್ಕಿಂತ ಹೊಸ ಸುಳಿ ಹೊರಡುತ್ತಿರುವ ಚಿಕ್ಕ ಗಿಡ ವಾಸಿ.

ಅಂದವಾದ ಹೊರಕುಂಡದೊಳಗೆ ನರ್ಸರಿಯ ಪ್ಲಾಸ್ಟಿಕ್ ಕುಂಡ ಇಳಿಸಿಡುವುದಾದರೆ, ನೀರು ಹಾಕಿದ ಅರ್ಧ ಗಂಟೆಗೆ ಒಳಗಿನದನ್ನು ಎತ್ತಿ ತಳದ ನೀರು ಚೆಲ್ಲಿಬಿಡಿ. ಅವಳು ಆರಿಸಿದ ಜೀಜೀಗೆ ಮೂರು ದಂಟು, ನಡುವೆ ಬೆರಳುದ್ದದ ಒಂದು ಮೊಳಕೆ. 280 ರೂಪಾಯಿ. ಆಟೋದಲ್ಲಿ ಕಾಲ ನಡುವೆ ಇಟ್ಟುಕೊಂಡು ಬಂದಳು. ಹದಿನೈದು ದಿನ ಕುಂಡ ಬದಲಿಸಬೇಡ, ಗೊಬ್ಬರ ಹಾಕಬೇಡ, ಒಂದೆರಡು ಎಲೆ ಹಳದಿಯಾಗಿ ಉದುರಿದರೆ ಹೆದರಬೇಡ, ಜಾಗ ಬದಲಾದಾಗ ಹಾಗೇ ಆಗುವುದು ಅಂತ ಹೇಳಿದ್ದೇನೆ.